ಓಂಕಾರಮೂರ್ತಿಗಳ ಎರಡನೆಯ ವರದಿ

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಊರುಗಳ ನಡುವಣ ರಸ್ತೆಗಳಲ್ಲಿ ಇಂದು ಓಡಾಡುತ್ತಿರುವ ಬಸ್ಸು, ಲಾರಿ, ಜೀಪು, ಬಾಡಿಗೆ ಕಾರುಗಳ ಪೈಕಿ ಶ್ರೀ ಟಿ. ಓಂಕಾರಮೂರ್ತಿಯವರ ಕೈಯನ್ನೋ ಅವರ ಶಿಷ್ಯರ ಕೈಯನ್ನೋ ಕಾಣದ ವಾಹನ ಸಿಗುವುದು ದುರ್ಲಭ. ಮೋಟಾರು ರಿಪೇರಿಯೆಂದರೆ ಹೊಟ್ಟೆಪಾಡಿನ ಕಸುಬು ಎಂದಷ್ಟೇ ತಿಳಿದಿದ್ದ ನಮ್ಮ ಸೀಮೆಯಲ್ಲಿ, ಅದೂ ಒಂದು ಶಾಸ್ತ್ರ, ಅದಕ್ಕೂ ಪೂರ್ವಪಕ್ಷ ಸಿದ್ಧಾಂತಗಳುಂಟು, ತಪ್ಪು ನಿರ್ಣಯಕ್ಕೆ ಅಲ್ಲೂ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಹದಿನೆಂಟು ವರ್ಷ ಪಾಠ ಹೇಳಿ ಮನಗಾಣಿಸಿದವರು ಅವರು. ಕಡೂರಿನ ನಮ್ಮ ಕೈಗಾರಿಕಾ ತರಬೇತಿ ಕೇಂದ್ರದ ಮೋಟಾರು ವಿಭಾಗದ ಹಿರಿಯ ಬೋಧಕ ಹುದ್ದೆಯಿಂದ ಈ ಮಾರ್ಚ್ ಕೊನೆಗೆ ಅವರು ನಿವೃತ್ತರಾಗುತ್ತಿದ್ದಾರೆ. ಮೊದಲು ಅವರ ವಿದ್ಯಾರ್ಥಿಯಾಗಿ, ಬಳಿಕ ಅದೇ ವಿಭಾಗದಲ್ಲಿ ಅವರ ಕಿರಿಯ ಸಹೋದ್ಯೋಗಿಯಾಗಿ ಹತ್ತಿರದಿಂದ ಕಂಡ ನನಗೆ ಈ ಅಭಿನಂದನ ಗ್ರಂಥದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತದ್ದು ಸಂತೋಷದ ಸಂಗತಿ.

ಓಂಕಾರಮೂರ್ತಿಗಳು ಅಜ್ಜಂಪುರದವರು. ತಂದೆ ತೀರ್ಥಪ್ಪನವರದು ಕಡಲೆಕಾಯಿ ಮಂಡಿ. ಮಠಕ್ಕೆ ನಡೆದುಕೊಳ್ಳುವ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಮನೆತನ. ಮಗ ಮಂಡಿಯ ಗಾದಿಯ ಮೇಲೆ ಕೂರಲೆಂಬುದು ತಂದೆಯ ಆಸೆ. ಆದರೆ ಚೀಲ ಸಾಗಿಸಲೆಂದು ತೀರ್ಥಪ್ಪನವರೇ ಕೊಂಡ ಹಳೆಯ ಲಾರಿಯೊಂದು ವಾರಕ್ಕೊಮ್ಮೆ ಕೆಟ್ಟು ನಿಲ್ಲುತ್ತಿತ್ತಂತೆ. ಮಗನ ಮನಸ್ಸು ಮಂಡಿಯಿಂದ ಲಾರಿಯ ಕಡೆಗೆ ಹೊರಳಲು ಅಷ್ಟು ಸಾಕಾಯಿತು. ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿ, ತರೀಕೆರೆಯ ಖಾಸಗಿ ಬಸ್ ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಹದಿನೈದು ವರ್ಷಕ್ಕೂ ಮಿಗಿಲಾಗಿ ದುಡಿದು, ೧೯೭೦ರಲ್ಲಿ ಕಡೂರಿನ ಕೇಂದ್ರ ಆರಂಭವಾದಾಗ ಅದರ ಮೊದಲ ಬೋಧಕರಲ್ಲೊಬ್ಬರಾಗಿ ಬಂದರು.

ದೇವನೂರಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ನಾನು ಅವರ ಮೂರನೆಯ ತಂಡದ ವಿದ್ಯಾರ್ಥಿ. ಸ್ಪಾರ್ಕ್ ಪ್ಲಗ್ಗಿನ ತುದಿಯ ಸಂದನ್ನು ಅಳೆಯುವ ಪಾಠದಲ್ಲಿ ನಾನು ಪ್ರತಿಸಲವೂ ತಪ್ಪು ಅಳತೆ ಹೇಳುತ್ತಿದ್ದೆ. ಉಳಿದ ಬೋಧಕರು ನನ್ನನ್ನು ದಡ್ಡರ ಸಾಲಿಗೆ ಸೇರಿಸಿ ನಿಶ್ಚಿಂತರಾಗಿದ್ದರು. ಓಂಕಾರಮೂರ್ತಿಗಳು ಮಾತ್ರ ಒಂದು ದಿನ ನನ್ನನ್ನು ಹೊರಗೆ ಕರೆದೊಯ್ದು, ಅಳತೆಪಟ್ಟಿಯ ಮೇಲಿನ ಸಣ್ಣ ಅಂಕಿಗಳನ್ನೂ ರಸ್ತೆಯ ಆಚೆಗಿದ್ದ ಅಂಗಡಿಯ ಬೋರ್ಡನ್ನೂ ಓದಲು ಹೇಳಿದರು. ನಾನು ಎರಡರಲ್ಲೂ ತಡವರಿಸಿದೆ. ಮರುವಾರವೇ ಚಿಕ್ಕಮಗಳೂರಿನ ಕಣ್ಣಿನ ವೈದ್ಯರಲ್ಲಿಗೆ ತಾವೇ ಕರೆದೊಯ್ದು ಕನ್ನಡಕ ಕೊಡಿಸಿದರು. ಇಂಥ ಉಪಕಾರಗಳನ್ನು ನೆನೆಯುವವರು ಈ ಗ್ರಂಥದಲ್ಲಿ ಹಲವರಿದ್ದಾರೆ. ನಾನು ಬರೆಯಹೊರಟಿರುವುದು ಬೇರೆಯದೇ ಒಂದು ಸಂಗತಿ. ಅದು ಅವರು ಮಾಡಿದ ಒಂದು ತಪ್ಪಿಗೆ ಸಂಬಂಧಿಸಿದ್ದು.

ಅಭಿನಂದನ ಗ್ರಂಥದಲ್ಲಿ ತಪ್ಪಿನ ಪ್ರಸ್ತಾಪವೇ ಎಂದು ಸಂಪಾದಕ ಸಮಿತಿಯ ಮಿತ್ರರು ಹಿಂಜರಿದದ್ದು ಸಹಜ. ಅನುಮತಿ ಕೇಳಲು ಹೋದಾಗ ಓಂಕಾರಮೂರ್ತಿಗಳು ಹೇಳಿದ್ದಿಷ್ಟು: “ಅದನ್ನ ಬರೀ, ಇಲ್ಲಾ ನನ್ನ ಬಗ್ಗೆ ಏನೂ ಬರೀಬೇಡ.” ಆದ್ದರಿಂದ ಬರೆಯುತ್ತಿದ್ದೇನೆ.

೧೯೭೮ರ ಬೇಸಿಗೆ. ಒಂದು ಸರ್ಕಾರಿ ಕಚೇರಿಯ ಪೆಟ್ರೋಲ್ ಜೀಪು ಇದ್ದಕ್ಕಿದ್ದಂತೆ ಹೆಚ್ಚು ಪೆಟ್ರೋಲು ಕುಡಿಯಲಾರಂಭಿಸಿತು. ಕಚೇರಿ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಅಲ್ಲಿನ ಅಧಿಕಾರಿ ಸೋಮಶೇಖರಪ್ಪನವರು ಕಟ್ಟುನಿಟ್ಟಿನ ಮನುಷ್ಯರು. ಜೀಪಿನ ಚಾಲಕ ಚಿಕ್ಕಬೀರಪ್ಪ ಹಿರೇನಲ್ಲೂರಿನವನು, ತಾತ್ಕಾಲಿಕ ನೌಕರ. ಪೆಟ್ರೋಲು ಮಾಯವಾಗುತ್ತಿದೆಯೆಂದರೆ ಚಾಲಕ ಕದ್ದು ಮಾರುತ್ತಿದ್ದಾನೆ ಎಂಬುದು ಆ ಕಾಲದಲ್ಲಿ ಯಾರಿಗಾದರೂ ಮೊದಲು ಹೊಳೆಯುವ ಉತ್ತರ. ಆದರೂ ಸೋಮಶೇಖರಪ್ಪನವರು ದುಡುಕಲಿಲ್ಲ. ಗಾಡಿಯಲ್ಲೇ ದೋಷವಿರಬಹುದೇ ಎಂದು ಪರೀಕ್ಷಿಸಿ ವರದಿ ಕೊಡುವಂತೆ ನಮ್ಮ ಕೇಂದ್ರವನ್ನು ಕೇಳಿದರು. ಆ ಹೊಣೆ ಓಂಕಾರಮೂರ್ತಿಗಳ ಪಾಲಿಗೆ ಬಂತು. ಆಗ ತಾನೆ ಕೆಲಸಕ್ಕೆ ಸೇರಿದ್ದ ನಾನು ಜೊತೆಗಿದ್ದೆ.

ಮೋಟಾರಿನ ಪರಿಚಯವಿಲ್ಲದ ಓದುಗರಿಗಾಗಿ ಒಂದು ವಿವರಣೆ ಅಗತ್ಯ. ಪೆಟ್ರೋಲ್ ಗಾಡಿಯ ಎಂಜಿನ್ನಿನ ಪಕ್ಕಕ್ಕೆ ಅಂಗೈಯಗಲದ ಒಂದು ಪಂಪು ಅಂಟಿಕೊಂಡಿರುತ್ತದೆ. ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು, ಅದಕ್ಕೆ ಗಾಳಿ ಬೆರೆಸುವ ಕಾರ್ಬುರೇಟರಿಗೆ ತಳ್ಳುವುದು ಅದರ ಕೆಲಸ. ತಳ್ಳುವ ಒತ್ತಡ ಮಿತಿಮೀರಿದರೆ ಕಾರ್ಬುರೇಟರ್ ತುಂಬಿ ಚೆಲ್ಲುತ್ತದೆ, ಹೊಗೆ ಕಪ್ಪಾಗುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಕಡಿಮೆಯಾದರೆ ಏರು ಹತ್ತುವಾಗ ಗಾಡಿ ಉಸಿರು ಕಟ್ಟಿದಂತಾಗಿ ನಿಂತುಬಿಡುತ್ತದೆ. ಹೊರದೇಶದ ಹೊಸ ಕಾರುಗಳಲ್ಲಿ ಈ ಒತ್ತಡವನ್ನು ಕಾಯಲು ರೆಗ್ಯುಲೇಟರ್ ಎಂಬ ಬೇರೊಂದು ಭಾಗವೇ ಇರುತ್ತದೆಂದು ಓದಿದ್ದೇನೆ. ನಮ್ಮ ಗಾಡಿಗಳಲ್ಲಿ ಆ ಕೆಲಸವನ್ನು ಪಂಪಿನೊಳಗಿನ ಒಂದು ಸ್ಪ್ರಿಂಗು ಮತ್ತು ಡಯಾಫ್ರಮ್ ಎಂಬ ರಬ್ಬರು ಬಟ್ಟೆಯ ಪೊರೆ ಮಾಡುತ್ತವೆ. ಆ ಪೊರೆ ಹರಿದರೆ ಪಂಪಿನ ಹೊಟ್ಟೆಯಲ್ಲಿರುವ ಸಣ್ಣ ತೂತಿನಿಂದ ಪೆಟ್ರೋಲು ಹೊರಗೆ ತೊಟ್ಟಿಕ್ಕಬೇಕು. ಅದನ್ನು ಕಂಡು ಮೆಕ್ಯಾನಿಕ್ಕು ದೋಷ ಗುರುತಿಸುತ್ತಾನೆ.

ಓಂಕಾರಮೂರ್ತಿಗಳು ಟ್ಯಾಂಕು, ಕೊಳವೆ, ಕಾರ್ಬುರೇಟರುಗಳನ್ನು ಒಂದೊಂದಾಗಿ ನೋಡಿದರು. ಪಂಪಿನ ತೂತಿಗೆ ಬೆರಳಿಟ್ಟರು, ಒಣಗಿತ್ತು. ಬೀರೂರಿನವರೆಗೆ ಓಡಿಸಿಕೊಂಡು ಬಂದರು. ಬೆಳಗಿನ ತಂಪಿನಲ್ಲಿ, ಅಷ್ಟು ಸಣ್ಣ ಓಟದಲ್ಲಿ, ಪೆಟ್ರೋಲಿನ ಖರ್ಚು ಸರಿಯಾಗಿಯೇ ಇತ್ತು. ಚಿಕ್ಕಬೀರಪ್ಪ ಪಕ್ಕದಲ್ಲೇ ನಿಂತಿದ್ದ. ಬಾನೆಟ್ಟು ಮುಚ್ಚುವಾಗ ಅವನು ಅಂದದ್ದು ನನಗೆ ಚೆನ್ನಾಗಿ ನೆನಪಿದೆ.

“ಸಾರ್, ಇನ್ನೊಂದ್ ವಿಷ್ಯ. ಈ ಗಾಡಿಗೆ ಎಂಜಿನ್ ಆಯಿಲ್ ಹಾಕಿ ಭಾಳ ದಿನ ಆಯ್ತು. ಒಂಚೂರೂ ಕಮ್ಮಿ ಆಗಿಲ್ಲ ಕಣ್ರೀ. ಅದ್ಯಾಕೋ ನಂಗೆ ತಿಳೀವಲ್ದು.”

“ಗಾಡಿ ಚೆನ್ನಾಗಿ ಇಟ್ಕೊಂಡಿದೀಯ ಅಂತ ಹೇಳ್ಕೊಳ್ತಿದೀಯೇನಪ್ಪಾ?” ಎಂದು ಓಂಕಾರಮೂರ್ತಿಗಳು ನಕ್ಕು ಕೈ ಒರೆಸಿಕೊಂಡರು.

ಗಾಡಿಯಲ್ಲಿ ಪೆಟ್ರೋಲು ಸೋರುವ ದೋಷವೇನೂ ಇಲ್ಲವೆಂದು ಅವರು ವರದಿ ಕೊಟ್ಟರು. ಚಿಕ್ಕಬೀರಪ್ಪ ತಾತ್ಕಾಲಿಕ ನೌಕರನಾದ್ದರಿಂದ ವಿಚಾರಣೆಯ ಅಗತ್ಯವೂ ಬೀಳಲಿಲ್ಲ. ನಾಳೆಯಿಂದ ಬರಬೇಡ ಎಂಬ ಒಂದು ಮಾತಿನಲ್ಲಿ ಅವನ ಕೆಲಸ ಹೋಯಿತು. ಹಿರೇನಲ್ಲೂರಿನಲ್ಲಿ ಅವನಿಗೆ ‘ಪೆಟ್ರೋಲ್ ಬೀರಪ್ಪ’ ಎಂಬ ಹೆಸರು ಬಿತ್ತೆಂದು ಕೇಂದ್ರದ ವಿದ್ಯಾರ್ಥಿಗಳಿಂದ ನಮಗೆ ತಿಳಿಯಿತು. ಓಂಕಾರಮೂರ್ತಿಗಳು ಅದನ್ನು ಕೇಳಿ ಬೇಸರಪಟ್ಟರಾದರೂ ತಮ್ಮ ವರದಿಯ ಬಗ್ಗೆ ಅವರಿಗೆ ಸಂಶಯವಿರಲಿಲ್ಲ.

ಆ ಸಂಶಯ ಹುಟ್ಟಿದ್ದು ಮಳೆಗಾಲ ಕಳೆದ ಮೇಲೆ, ಸಖರಾಯಪಟ್ಟಣದ ಕರಿಯಪ್ಪ ತನ್ನ ಬಾಡಿಗೆ ಕಾರನ್ನು ನಮ್ಮಲ್ಲಿಗೆ ತಂದ ದಿನ. ಕಾರು ಬಿಸಿಯಾದರೆ ಬೇಗ ಸ್ಟಾರ್ಟ್ ಆಗುವುದಿಲ್ಲ, ಎಳೆತ ಕಡಿಮೆ, ಪೆಟ್ರೋಲು ಸಾಲದು ಎಂಬುದು ಅವನ ದೂರು. ಹಾಗೆಂದು ಕಾರಿನ ಮೇಲಿನ ಹೆಮ್ಮೆಯನ್ನು ಬಿಟ್ಟುಕೊಡಲೂ ಅವನು ಸಿದ್ಧನಿರಲಿಲ್ಲ.

“ಏನೇ ಅನ್ನಿ ಮೇಷ್ಟ್ರೇ, ಒಂದ್ ವಿಷ್ಯದಾಗೆ ನಮ್ ಗಾಡಿ ಕಾಮಧೇನು. ಬೇರೆಯೋರ ಗಾಡಿ ಆಯಿಲ್ ಕುಡೀತವೆ. ನಮ್ದು ಕುಡ್ಯೋದು ಅಂಗಿರ್ಲಿ, ಆಯಿಲ್ ತಾನೇ ಹೆಚ್ಕೊಳ್ತೈತೆ!”

ಎಂಜಿನ್ನಿನ ಮೇಲೆ ಬಗ್ಗಿದ್ದ ಓಂಕಾರಮೂರ್ತಿಗಳು ತಲೆ ಎತ್ತಿದರು. “ಏನಂದೆ?”

“ಹೌದು ಸಾರ್. ಕಡ್ಡಿ ಎಳ್ದು ನೋಡ್ರಿ ಬೇಕಾದ್ರೆ.”

ಆಯಿಲಿನ ಮಟ್ಟ ನೋಡುವ ಕಡ್ಡಿಯನ್ನು ಅವರು ಎಳೆದರು. ಗುರುತಿಗಿಂತ ಎರಡು ಬೆರಳು ಮೇಲಕ್ಕೆ ಆಯಿಲು ಹತ್ತಿತ್ತು. ಬೆರಳುಗಳ ನಡುವೆ ಉಜ್ಜಿದರು. ಜಿಗುಟೇ ಇಲ್ಲ, ನೀರಿನಂತೆ ಜಾರಿತು. ಮೂಗಿನ ಹತ್ತಿರ ಹಿಡಿದರು. ಬಳಿಕ ಕಡ್ಡಿಯನ್ನು ನನ್ನ ಕಡೆ ಚಾಚಿದರು. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಪಂಪನ್ನು ಬಿಚ್ಚಿ ಬೆಂಚಿನ ಮೇಲಿಟ್ಟರು. ಪೊರೆಯಲ್ಲಿ ಉಗುರು ತಾಗಿಸಿದಷ್ಟು ಸಣ್ಣ ಸೀಳು. ಹೊರಗೆ ತೊಟ್ಟಿಕ್ಕಬೇಕಾದ ತೂತು ಕೆಸರು, ಗ್ರೀಸುಗಳಿಂದ ಗಟ್ಟಿಯಾಗಿ ಮುಚ್ಚಿಹೋಗಿತ್ತು. ಹೊರಗೆ ದಾರಿ ಕಾಣದ ಪೆಟ್ರೋಲು ಒಳಗೊಳಗೇ ಎಂಜಿನ್ನಿನ ತಳದ ಆಯಿಲ್ ಚೇಂಬರಿಗೆ ಇಳಿಯುತ್ತಿತ್ತು. ಎಂಜಿನ್ನು ಬಿಸಿಯಾದಷ್ಟೂ ಸೀಳು ಬಾಯಿ ಬಿಡುವುದು, ಹೆಚ್ಚು ಇಳಿಯುವುದು. ತಣ್ಣಗಿದ್ದಾಗ, ಸಣ್ಣ ಓಟದಲ್ಲಿ, ಏನೂ ಗೊತ್ತಾಗುವಂತಿರಲಿಲ್ಲ. ಹೀಗೆ ಪೆಟ್ರೋಲು ಬೆರೆತು ಜಿಗುಟು ಕಳೆದುಕೊಂಡ ಆಯಿಲಿನಲ್ಲಿ ಓಡಿದ ಎಂಜಿನ್ನು ಒಳಗೇ ಸವೆದು ಹಾಳಾಗುತ್ತದೆ.

ಅವರು ಹತ್ತಿರದಲ್ಲಿದ್ದ ಹಳೆಯ ಟೈರಿನ ಮೇಲೆ ಕುಳಿತುಬಿಟ್ಟರು. ಕರಿಯಪ್ಪ ಗಾಬರಿಯಾಗಿ, “ಏನ್ ಸಾರ್, ಎಂಜಿನ್ ಹೋಯ್ತಾ?” ಎಂದ.

“ನಿನ್ನ ಎಂಜಿನ್ ಉಳೀತು ಕರಿಯಪ್ಪ. ಸರಿಯಾದ ಹೊತ್ತಿಗೆ ಬಂದೆ.” ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಚಂದ್ರಶೇಖರ, ಆ ಜೀಪು ಈಗ ಎಲ್ಲಿದೆ?”

ಅಂದೇ ಮಧ್ಯಾಹ್ನ ಇಬ್ಬರೂ ಕಚೇರಿಗೆ ಹೋದೆವು. ಜೀಪು ಹಿತ್ತಲಿನಲ್ಲಿ ಧೂಳು ಹಿಡಿದು ನಿಂತಿತ್ತು. ಸೋಮಶೇಖರಪ್ಪನವರು ನಡೆದದ್ದನ್ನು ಹೇಳಿದರು. ಚಿಕ್ಕಬೀರಪ್ಪನ ಜಾಗಕ್ಕೆ ಬಂದ ಹೊಸ ಚಾಲಕನ ಕೈಯಲ್ಲೂ ಪೆಟ್ರೋಲು ಹಾಗೆಯೇ ಕರಗಿತ್ತು. ಇವನೂ ಅಂಥವನೇ ಎಂದು ಅವರು ನಿರ್ಧರಿಸುವಷ್ಟರಲ್ಲಿ ಎಂಜಿನ್ನು ಬಡಿದುಕೊಳ್ಳತೊಡಗಿ, ಒಂದು ದಿನ ರಸ್ತೆಯಲ್ಲೇ ನಿಂತುಹೋಯಿತು. ಹೊಸ ಎಂಜಿನ್ನಿಗೆ ಮಂಜೂರಾತಿ ಬಂದಿರಲಿಲ್ಲ.

ಅವರ ಅನುಮತಿ ಪಡೆದು ಓಂಕಾರಮೂರ್ತಿಗಳು ಜೀಪಿನ ಕೆಳಗೆ ಮಲಗಿ ಚೇಂಬರಿನ ಬೋಲ್ಟು ಸಡಿಲಿಸಿದರು. ತೆಳ್ಳಗಿನ ಕಪ್ಪು ದ್ರವ ಬುಳಬುಳನೆ ಸುರಿಯಿತು. ಅಧಿಕಾರಿಗಳು ಕರವಸ್ತ್ರವನ್ನು ಮೂಗಿಗೆ ಹಿಡಿದರು. ಯಾರೂ ವಿವರಿಸಬೇಕಾಗಿರಲಿಲ್ಲ, ತಿಂಗಳುಗಟ್ಟಲೆ ಕಾಣೆಯಾದ ಪೆಟ್ರೋಲಿನ ಸುಳಿವು ಅಲ್ಲಿತ್ತು. ಪಂಪು ಬಿಚ್ಚಿದಾಗ ಕಂಡದ್ದೂ ಅದೇ, ಹರಿದ ಪೊರೆ, ಮುಚ್ಚಿದ ತೂತು.

“ನನ್ನ ವರದಿ ತಪ್ಪು. ಬೇರೆ ವರದಿ ಕೊಡ್ತೀನಿ,” ಎಂದರು ಓಂಕಾರಮೂರ್ತಿಗಳು.

ಸೋಮಶೇಖರಪ್ಪನವರು ಕೆಟ್ಟವರಲ್ಲ. ಅವರು ಹೇಳಿದ್ದು ಹಿತವಚನವೆಂದೇ. “ಮುಗಿದುಹೋದ ವಿಷಯ ಮೇಷ್ಟ್ರೇ. ಈಗ ಯಾರೂ ಕೇಳ್ತಿಲ್ಲ. ಹೊಸದಾಗಿ ಬರೆದುಕೊಟ್ರೆ ನಿಮ್ಮ ಹೆಸರು ಕೆಡುತ್ತೆ, ನಿಮ್ಮ ಸಂಸ್ಥೆ ಹೆಸರೂ ಕೆಡುತ್ತೆ.”

“ಕೆಡಲಿ ಸಾರ್. ಆ ಮನುಷ್ಯಂದು ಕೆಟ್ಟಾಗಿದೆಯಲ್ಲ.”

ಎರಡನೆಯ ವರದಿ ಮರುದಿನವೇ ಹೋಯಿತು. ಚಾಲಕನು ಆಯಿಲಿನ ವಿಷಯ ತಿಳಿಸಿದ್ದರೂ ತಾನು ಅದನ್ನು ಲಕ್ಷಿಸಲಿಲ್ಲ, ಎಂಜಿನ್ನು ಹಾಳಾಗಲು ತನ್ನ ಮೊದಲ ವರದಿಯೂ ಕಾರಣ ಎಂದು ಅವರು ಅದರಲ್ಲಿ ಕಾಣಿಸಿದ್ದರು. ಇದರ ಫಲವನ್ನು ಅವರು ಉಂಡರು. ಕೇಂದ್ರದ ಆಡಳಿತ ಮಂಡಳಿ ಅವರ ಮೇಲೆ ಮುನಿಸಿಕೊಂಡಿತು. ಸರ್ಕಾರಿ ಗಾಡಿಗಳ ತಪಾಸಣೆ ಕೆಲವು ವರ್ಷ ನಮ್ಮ ಕೈ ತಪ್ಪಿತು. ಆ ವರ್ಷ ಅವರಿಗೆ ಸಲ್ಲಬೇಕಿದ್ದ ಉಪಪ್ರಾಂಶುಪಾಲ ಹುದ್ದೆ ಮತ್ತೊಬ್ಬರಿಗೆ ಸಂದಿತು. ಅವರು ಬೋಧಕರಾಗಿಯೇ ನಿವೃತ್ತರಾಗುತ್ತಿರುವುದಕ್ಕೆ ಇದು ಕಾರಣ. ಈ ವಿಷಯ ಅನೇಕರಿಗೆ ತಿಳಿಯದು.

ವರದಿ ಕಳಿಸಿದ ಮೇಲಿನ ಭಾನುವಾರ ಅವರು ಹಿರೇನಲ್ಲೂರಿಗೆ ಹೊರಟರು, ನಾನೂ ಹೋದೆ. ಬಸ್ಸು ಇಳಿದ ಕಡೆ ಹೋಟೆಲಿನ ಮುಂದೆ ಏಳೆಂಟು ಜನ ಕುಳಿತಿದ್ದರು. ಚಿಕ್ಕಬೀರಪ್ಪನ ಮನೆ ಕೇಳಿದಾಗ ಒಬ್ಬ ನಗುತ್ತ, “ಯಾರು, ಪೆಟ್ರೋಲ್ ಬೀರಪ್ಪನಾ?” ಎಂದ.

ಓಂಕಾರಮೂರ್ತಿಗಳು ನಿಂತರು. “ಅವನು ಪೆಟ್ರೋಲ್ ಕದ್ದಿಲ್ಲ ಕಣಪ್ಪ. ಗಾಡಿ ಕೆಟ್ಟಿತ್ತು. ಕೆಟ್ಟಿಲ್ಲ ಅಂತ ಬರೆದುಕೊಟ್ಟೋನು ನಾನು. ನನ್ನ ತಪ್ಪು. ಇದನ್ನ ಊರಿಗೆಲ್ಲ ಹೇಳಿ.” ಹೋಟೆಲಿನೊಳಗಿದ್ದವರೂ ಹೊರಗೆ ಬಂದು ನೋಡಿದರು. ದೊಡ್ಡ ದನಿಯಲ್ಲಿ ಮಾತಾಡಿದವರಲ್ಲ ಅವರು. ಅಂದು ಬೇಕೆಂದೇ ದನಿ ಎತ್ತಿದ್ದರು.

ಚಿಕ್ಕಬೀರಪ್ಪ ತೋಟವೊಂದರಲ್ಲಿ ತೆಂಗಿನಕಾಯಿ ಸುಲಿಯುವ ಕೂಲಿಗೆ ಹೋಗಿದ್ದ. ಮನೆಯಲ್ಲಿ ಅವನ ತಾಯಿ ಮಾರಮ್ಮ ಇದ್ದರು. ನಾವು ಯಾರೆಂದು ತಿಳಿದ ಮೇಲೆ ಆ ಮುದುಕಿ ಹೇಳಿದರು: “ಮನೆಗ್ ಬಂದೋರ್ನ ಕುತ್ಕಳಿ ಅನ್ಬೇಕು. ನಂಗೆ ಬಾಯಿ ಬತ್ತಾ ಇಲ್ಲ ಸ್ವಾಮಿ.” ನಾವು ಮಗ ಬರುವವರೆಗೆ ಅಂಗಳದಲ್ಲಿ ನಿಂತೇ ಇದ್ದೆವು.

ಅವನು ಬಂದು ಎಲ್ಲವನ್ನೂ ಕೇಳಿದ. ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ. “ನಾನ್ ಅವತ್ತೇ ಅಂದೆ, ಆಯಿಲ್ ಕಮ್ಮಿ ಆಗ್ತಿಲ್ಲ ಅಂತ. ನೀವ್ ಒಂದ್ಸಲ ಕಡ್ಡಿ ಎಳ್ದು ಮೂಸಿದ್ರೆ ಆಗೋಗಿತ್ತಲ್ಲ ಸಾರ್.”

“ಹೌದು. ಮೂಸಲಿಲ್ಲ.”

“ನಾನ್ ಡ್ರೈವರು ಅಂತ ಕೇಳ್ಲಿಲ್ಲ ನೀವು.”

“ಅದೂ ಹೌದು,” ಎಂದರು ಓಂಕಾರಮೂರ್ತಿಗಳು.

ಕಚೇರಿಯಲ್ಲಿ ಅವನ ಜಾಗ ಭರ್ತಿಯಾಗಿತ್ತು. ಮರಳಿ ಕರೆಯುವಂತೆ ಓಂಕಾರಮೂರ್ತಿಗಳು ಮಾಡಿದ ಓಡಾಟ ವ್ಯರ್ಥವಾಯಿತು. ಕೊನೆಗೆ ನಮ್ಮ ಕೇಂದ್ರದಲ್ಲಿಯೇ ಚಾಲನೆ ಕಲಿಸುವವರ ಹುದ್ದೆ ತೆರವಾದಾಗ, ಮುನಿದಿದ್ದ ಅದೇ ಮಂಡಳಿಯ ಮುಂದೆ ತಿಂಗಳುಗಟ್ಟಲೆ ನಿಂತು ಅವನಿಗೆ ಅದನ್ನು ಕೊಡಿಸಿದರು. ಚಿಕ್ಕಬೀರಪ್ಪ ತಕ್ಷಣ ಒಪ್ಪಲಿಲ್ಲ. “ನಿಮ್ ಜೊತೆ ಕೆಲ್ಸ ಮಾಡಕ್ಕೆ ನಂಗೆ ಮನಸ್ಸಿಲ್ಲ ಸಾರ್. ಆದ್ರೆ ಗಾಡಿ ಓಡಿಸ್ದೆ ಇರಾಕಾಗಲ್ಲ. ಅದಕ್ಕೆ ಬತ್ತೀನಿ,” ಎಂದು ೧೯೮೦ರಲ್ಲಿ ಸೇರಿದ.

ಅಲ್ಲಿಂದೀಚೆಗೆ ಪ್ರತಿ ವರ್ಷ ಹೊಸ ತಂಡದ ಮೊದಲ ವಾರದಲ್ಲಿ ಓಂಕಾರಮೂರ್ತಿಗಳು ಈ ಪಾಠವನ್ನೇ ಮಾಡಿದರು. ಪೆಟ್ರೋಲಿನ ಒತ್ತಡ ಕೆಟ್ಟಾಗ ಕಾಣುವ ಚಿಹ್ನೆಗಳನ್ನು ಬೋರ್ಡಿನ ಮೇಲೆ ಬರೆಯುವ ಮೊದಲು, ಆ ಚಿಹ್ನೆಗಳನ್ನು ಕಾಣದೆ ಒಬ್ಬ ಬೋಧಕ ಏನು ಮಾಡಿದ ಎಂಬುದನ್ನು ಹೇಳುವರು. ಬೋಧಕನ ಹೆಸರು, ಊರು ಎಲ್ಲವನ್ನೂ ಹೇಳುವರು. ಚಿಕ್ಕಬೀರಪ್ಪ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದ. ಐದಾರು ವರ್ಷಗಳಾದ ಮೇಲೆ ಅವನೇ ಬೇಸತ್ತು, “ಸಾಕು ಬಿಡಿ ಸಾರ್ ಇನ್ನು,” ಎಂದದ್ದುಂಟು. “ನಿನಗೆ ಸಾಕಾಗಿರಬಹುದು. ಈ ಹುಡುಗರು ಹೊಸಬರಲ್ಲವಾ?” ಎಂಬುದು ಅವರ ಉತ್ತರ.

ತಪಾಸಣೆಯ ಅವರ ಕ್ರಮವೂ ಬದಲಾಯಿತು. ೧೯೮೪ರಲ್ಲಿ ತರೀಕೆರೆಯ ವೈದ್ಯೆ ಡಾ. ಸಾವಿತ್ರಮ್ಮನವರ ಕಾರು ನಮ್ಮಲ್ಲಿಗೆ ಬಂತು. ರೋಗಿಗಳ ಮನೆಗೆ ಹೋಗುವಾಗ ದಾರಿಯಲ್ಲಿ ಅದು ಕಪ್ಪು ಹೊಗೆ ಉಗುಳಿ ನಿಲ್ಲುತ್ತಿತ್ತು. ಹೆಂಗಸು ಗಾಡಿ ಓಡಿಸಿದರೆ ಹೀಗೆಯೇ, ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲು ಬಿಡುವ ಚೋಕ್ ಗುಂಡಿಯನ್ನು ಎಳೆದುಕೊಂಡೇ ಓಡಿಸುತ್ತಾರೆ ಎಂದು ಮೂರು ಗ್ಯಾರೇಜಿನವರು ತೀರ್ಪು ಕೊಟ್ಟಾಗಿತ್ತು. ಓಂಕಾರಮೂರ್ತಿಗಳು ಬಾನೆಟ್ಟು ಎತ್ತುವ ಮೊದಲು ಒಂದು ಕುರ್ಚಿ ಹಾಕಿಸಿದರು.

“ಅಮ್ಮಾ, ಬೇರೆಯವರು ಹೇಳಿದ್ದು ಬೇಡ. ನೀವು ಕಂಡದ್ದನ್ನ ಹೇಳಿ.”

“ಹೊಸ ಪಂಪು ಹಾಕಿಸಿದ ಮೇಲೆ ಶುರುವಾಯ್ತು. ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಹೊರಟರೆ ಒಳಗೆಲ್ಲ ಪೆಟ್ರೋಲ್ ವಾಸನೆ. ಚೋಕ್ ನಾನು ಮುಟ್ಟೋದೇ ಇಲ್ಲ ಮೇಷ್ಟ್ರೇ. ಅದನ್ನ ಹೇಳಿದ್ರೆ ಎಲ್ಲರೂ ನಗ್ತಾರೆ.”

ಅವರು ನಗಲಿಲ್ಲ. ಪಂಪಿಗೆ ಒತ್ತಡದ ಗೇಜು ಜೋಡಿಸಿ, ಎಂಜಿನ್ನು ಬಿಸಿಯಾಗುವವರೆಗೆ ಕಾದು ನೋಡಿದರು. ಒತ್ತಡ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚಿತ್ತು. ಯಾರೋ ಪಂಪಿನೊಳಗೆ ಬೇರೆ ಗಾಡಿಯ ಗಡಸು ಸ್ಪ್ರಿಂಗು ಕೂರಿಸಿದ್ದರು. ಅದರ ತಳ್ಳಾಟವನ್ನು ತಾಳಲಾರದೆ ಕಾರ್ಬುರೇಟರ್ ಉಕ್ಕುತ್ತಿತ್ತು. ಸರಿಯಾದ ಸ್ಪ್ರಿಂಗು ಹಾಕಿದ ಮೇಲೆ ಹೊಗೆ ನಿಂತಿತು. ಕಡ್ಡಿ ಎಳೆದು ಮೂಸಿ, ಆಯಿಲಿಗೂ ಪೆಟ್ರೋಲು ಇಳಿದಿದೆಯೆಂದು ಅದನ್ನೂ ಬದಲಿಸಿಕೊಟ್ಟರು. ಡಾಕ್ಟರಮ್ಮನವರು ಹೊರಡುವಾಗ, “ಕೇಳಿ ಚಿಕಿತ್ಸೆ ಕೊಟ್ಟಿರಿ,” ಎಂದಾಗ ಓಂಕಾರಮೂರ್ತಿಗಳು ದೂರದಲ್ಲಿ ಹುಡುಗರಿಗೆ ಗೇರು ಹಾಕುವುದನ್ನು ಕಲಿಸುತ್ತಿದ್ದ ಚಿಕ್ಕಬೀರಪ್ಪನ ಕಡೆ ಒಮ್ಮೆ ನೋಡಿದರು.

ಈ ಗ್ರಂಥಕ್ಕಾಗಿ ಸಹೋದ್ಯೋಗಿಗಳೆಲ್ಲರಿಂದ ಎರಡೆರಡು ಮಾತು ಸಂಗ್ರಹಿಸುವಾಗ ಚಿಕ್ಕಬೀರಪ್ಪನನ್ನೂ ಕೇಳಿದೆವು. ನನಗೆ ಬರೆಯಲು ಬರುವುದಿಲ್ಲ ಎಂದು ಮೊದಲು ಜಾರಿಕೊಂಡ. ಒತ್ತಾಯಿಸಿದಾಗ, ಸ್ಟಿಯರಿಂಗಿನ ಮೇಲಿನ ಕೈ ತೆಗೆಯದೆಯೇ ಹೇಳಿದ: “ಏನ್ ಬರ್ಕಳ್ತೀರಾ ಬರ್ಕಳಿ. ನನ್ ಕೆಲ್ಸ ಕಳ್ದೋರು ಇವ್ರೇ. ಸುಳ್ ಯಾಕ್ ಹೇಳ್ಲಿ? ಆದ್ರೆ ಬಡವ್ರ ಕೆಲ್ಸ ಕಳ್ಯೋರು ಭಾಳ ಜನ ಅವ್ರೆ ಸಾರ್. ಬಸ್ ಹತ್ಕೊಂಡು ಮನೆ ಹುಡುಕ್ಕೊಂಡು ಬಂದೋರು ಇವ್ರೊಬ್ರೇ.”

ಇದಕ್ಕಿಂತ ಹೆಚ್ಚಿನ ಪ್ರಶಸ್ತಿಯನ್ನು ನಾನು ಬರೆಯಲಾರೆ.

ನಿವೃತ್ತಿಯ ನಂತರ ಓಂಕಾರಮೂರ್ತಿಗಳು ಅಜ್ಜಂಪುರದಲ್ಲಿ ಸಣ್ಣದೊಂದು ಶೆಡ್ಡು ಹಾಕಿ, ಗಾಡಿಗಳ ಪರೀಕ್ಷೆ ಮಾತ್ರ ಮಾಡುತ್ತ, ರಿಪೇರಿಯನ್ನು ತಮ್ಮ ಶಿಷ್ಯರಿಗೆ ಬಿಡುವ ಯೋಚನೆಯಲ್ಲಿದ್ದಾರೆ. ಅವರಿಗೂ ಅವರ ಶ್ರೀಮತಿ ಮಲ್ಲಿಕಾಂಬ ಅವರಿಗೂ ದೀರ್ಘವಾದ, ಆರೋಗ್ಯವಾದ ಆಯುಸ್ಸು ಒದಗಲಿ; ಕೈಗೆ ಕೆಲಸವೂ ಶೆಡ್ಡಿಗೆ ಗಾಡಿಗಳೂ ಎಂದೂ ಕಡಿಮೆಯಾಗದಿರಲಿ. ಆ ಕಡೆ ಹೋಗುವವರು ಗಾಡಿ ಸರಿಯಿದ್ದರೂ ಒಮ್ಮೆ ನಿಲ್ಲಿಸಿ ಅವರಿಗೆ ತೋರಿಸಿ. ಕೈಯಲ್ಲಿ ಸಾಕಷ್ಟು ಸಮಯವಿಟ್ಟುಕೊಂಡು ಹೋಗಿ. ಗಾಡಿ ಸರಿಯಿದೆ ಎಂಬ ಮಾತನ್ನು ಅವರು ಬೇಗನೆ ಹೇಳುವುದಿಲ್ಲ.